ಹೆಲಿಕಾಪ್ಟರ್ ಬಿಟ್ಟು ಎತ್ತಿನಗಾಡಿ ಹತ್ತಿದ ಮಾಷ್ಟ್ರು

ಚುನಾವಣೆ ಬಂತೆಂದರೆ ತಾಲೂಕು ಮೈದಾನಗಳಲ್ಲಿ ಹೆಲಿಕಾಪ್ಟರ್ ಇಳಿಯುವುದನ್ನು ನೋಡಲು ಜನ ಸೇರುತ್ತಾರೆ. ಮೊದಲು ಸದ್ದು, ಆಮೇಲೆ ದೂಳು. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ, ಶಾಮಿಯಾನದ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತದೆ, ಕಡಲೆಕಾಯಿ ಮಾರುವವನ ಕಾಗದಗಳು ಹಾರಿಹೋಗುತ್ತವೆ. ಇಳಿದು ಬಂದವರು ಯಾರು, ಏನು ಹೇಳಿದರು ಎಂಬುದು ಕಣ್ಣು ಉಜ್ಜಿಕೊಳ್ಳುವ ಗಡಿಬಿಡಿಯಲ್ಲಿ ತಪ್ಪಿಹೋಗುತ್ತದೆ.

ಕಾರ್ಕಳದಲ್ಲಿ ಹುಟ್ಟಿದ ಒಬ್ಬ ದೈವಶಾಸ್ತ್ರದ ಪ್ರಾಧ್ಯಾಪಕರು ಇದೇ ಹೆಲಿಕಾಪ್ಟರನ್ನು ಉಪಮೆಯಾಗಿ ಬಳಸಿದರು. ಏಷ್ಯಾದ ನೆಲಕ್ಕೆ ಕ್ರಿಸ್ತನ ವಿಚಾರವನ್ನು ತಂದವರು ಅದನ್ನು ಮೇಲಿನಿಂದ ಇಳಿಸಲು ಹೋದರು. ಎಬ್ಬಿಸಿದ ಸದ್ದಿನಲ್ಲಿ ಇಲ್ಲಿಯವರಿಗೆ ದನಿ ಕೇಳಿಸಲಿಲ್ಲ, ದೂಳಿನಲ್ಲಿ ಮುಖ ಕಾಣಿಸಲಿಲ್ಲ ಎಂಬುದು ಅವರ ವಾದ. ಅದರ ಬದಲಿಗೆ ಅವರು ಮುಂದಿಟ್ಟದ್ದು ಎತ್ತಿನಗಾಡಿ. ಗಾಡಿಯ ಚಕ್ರ ಮಣ್ಣಿನ ದಾರಿಯನ್ನು ಬಿಟ್ಟು ಒಂದು ಗಳಿಗೆಯೂ ಇರುವಂತಿಲ್ಲ, ನೆಲಕ್ಕೆ ಉಜ್ಜಿಕೊಳ್ಳದೆ ಅದು ಮುಂದೆ ಹೋಗುವುದಿಲ್ಲ. ಇನ್ನೂ ಒಂದು ಅನುಕೂಲವಿದೆ ಎಂದು ಅವರು ನಗುತ್ತ ಸೇರಿಸುತ್ತಾರೆ: ಗಾಡಿ ಹೊಡೆಯುವವನಿಗೆ ನಿದ್ದೆ ಬಂದರೂ ಎತ್ತುಗಳು ನಡೆಯುತ್ತಲೇ ಇರುತ್ತವೆ.

1991ರಲ್ಲಿ ಬಂದ ‘ಒನ್ ಕ್ರೈಸ್ಟ್–ಮೆನಿ ರಿಲಿಜನ್ಸ್’ ಎಂಬ ಇಂಗ್ಲಿಷ್ ಪುಸ್ತಕದಲ್ಲಿ ಈ ಮಾತಿದೆ. ಬರೆದವರು ಸ್ಟ್ಯಾನ್ಲಿ ಜೆ. ಸಮರ್ಥ. ಜಗತ್ತಿನ ದೈವಶಾಸ್ತ್ರ ಶಾಲೆಗಳಲ್ಲಿ ಇವರ ಹೆಸರು ಗೊತ್ತಿಲ್ಲದ ಅಧ್ಯಾಪಕರು ಕಡಿಮೆ. ಕನ್ನಡ ಓದುಗರಲ್ಲಿ ಗೊತ್ತಿರುವವರು ಇನ್ನೂ ಕಡಿಮೆ. ಜಿನೀವಾದ ವಿಶ್ವ ಸಭೆಗಳ ಮಂಡಲಿಯಲ್ಲಿ ಧರ್ಮಗಳ ನಡುವಿನ ಸಂವಾದಕ್ಕಾಗಿ ಅವರು ಮಾಡಿದ ಕೆಲಸದ ಬಗ್ಗೆ ಬೇಕಾದಷ್ಟು ಬರವಣಿಗೆ ಆಗಿದೆ. ಆದರೆ ಆ ಕೆಲಸ ಶುರುವಾದದ್ದು ಮಂಗಳೂರಿನ ಬಲ್ಮಠದ ಗುಡ್ಡದ ಮೇಲಿನ ಒಂದು ತರಗತಿಯಲ್ಲಿ, ಹುಡುಗರಿಗೆ ಸತ್ಯವೇದ ಕಲಿಸುತ್ತಿದ್ದ ಮಾಷ್ಟ್ರ ಮೇಜಿನ ಮೇಲೆ ಎಂದು ನನಗೆ ಅನ್ನಿಸುತ್ತದೆ.

ಸಮರ್ಥರು ಹುಟ್ಟಿದ್ದು 1920ರ ಅಕ್ಟೋಬರ್‌ನಲ್ಲಿ. ತಂದೆ ಬಾಸೆಲ್ ಮಿಶನ್ ಸಭೆಯ ಸಭಾಪಾಲಕರು, ತಾಯಿ ಶಿಕ್ಷಕಿ. ಹೀಗಾಗಿ ಮನೆಯಲ್ಲಿ ವಾಕ್ಯವೂ ಇತ್ತು, ಪಾಠವೂ ಇತ್ತು. ಕಾರ್ಕಳದ ಮಟ್ಟಿಗೆ ಹೇಳುವುದಾದರೆ, ಆ ಊರಲ್ಲಿ ಬೆಳೆಯುವ ಮಗುವಿಗೆ ಲೋಕದಲ್ಲಿ ಒಂದೇ ಧರ್ಮವಿದೆ ಎಂದು ನಂಬಿಸುವುದು ಯಾರಿಗೂ ಸಾಧ್ಯವಿಲ್ಲ. ತಲೆಯೆತ್ತಿದರೆ ಗುಡ್ಡದ ಮೇಲೆ 1432ರಿಂದ ನಿಂತಿರುವ 42 ಅಡಿಯ ಬಾಹುಬಲಿ. ಅದರೆದುರು ಚತುರ್ಮುಖ ಬಸದಿ. ಪೇಟೆಯಲ್ಲಿ ವೆಂಕಟರಮಣ ದೇವಸ್ಥಾನ. ಸ್ವಲ್ಪ ದೂರದ ಅತ್ತೂರಿನಲ್ಲಿ ಸಂತ ಲಾರೆನ್ಸರ ಇಗರ್ಜಿ. ಅಲ್ಲಿಯ ಜನವರಿ ಜಾತ್ರೆಗೆ ಎಲ್ಲ ಜಾತಿಯವರೂ ಮೇಣದ ಬತ್ತಿ ಹಿಡಿದು ಹೋಗುತ್ತಾರೆ. ಇದರ ನಡುವೆ ಪ್ರೊಟೆಸ್ಟೆಂಟರ ಒಂದು ಸಣ್ಣ ಸಭೆ.

ಆ ಸಭೆಯ ಹಿನ್ನೆಲೆಯನ್ನು ಒಂದಿಷ್ಟು ಹೇಳಬೇಕು. 1834ರ ಅಕ್ಟೋಬರ್‌ನಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು ಮಂಗಳೂರಿನಲ್ಲಿ ಇಳಿದರು. ಅವರ ಹಿಂದೆ ಬಂದ ಹೆರ್ಮನ್ ಮೊಗ್ಲಿಂಗ್ ಶಾಲೆ ಕಟ್ಟಿದರು, 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದರು, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಊರಿನ ಹುಡುಗರನ್ನು ಉಪದೇಶಿಗಳನ್ನಾಗಿ ತಯಾರು ಮಾಡುವ ಪಾಠಶಾಲೆ ಬೆಳೆದು 1847ರ ಹೊತ್ತಿಗೆ ಸೆಮಿನರಿಯಾಯಿತು. ನಿಘಂಟಿನ ಕಿಟ್ಟೆಲ್ ಬಂದದ್ದು ಇದಾದ ಮೇಲೆ. ಹಂಚಿನ ಕಾರ್ಖಾನೆ, ನೇಯ್ಗೆ ಇತ್ಯಾದಿ ಕಥೆ ಎಲ್ಲರಿಗೂ ಗೊತ್ತಿರುವುದೇ. ಇಲ್ಲಿ ನಮಗೆ ಬೇಕಾದದ್ದು ಇಷ್ಟು: ಮಿಶನ್ನಿಗೆ ಸೇರಿದ ತುಳುವರಲ್ಲಿ, ಹೆಚ್ಚಾಗಿ ಬಿಲ್ಲವ ಮನೆತನಗಳಿಂದ ಬಂದವರಲ್ಲಿ, ಮನೆಯಲ್ಲಿ ತುಳು, ಆರಾಧನೆಯಲ್ಲಿ ಕನ್ನಡ, ಕಾಲೇಜಿಗೆ ಹೋದವರಿಗೆ ಇಂಗ್ಲಿಷ್ ಎಂಬ ಮೂರು ಪದರದ ಬದುಕು ರೂಢಿಯಾಯಿತು. ಜರ್ಮನ್ ರಾಗ, ಕನ್ನಡ ಸಾಹಿತ್ಯ, ತುಳು ಉಚ್ಚಾರಣೆ. ಆ ಸಭೆಗಳ ಹಾಡು ಕೇಳಿದವರಿಗೆ ಈ ಮಿಶ್ರಣದ ರುಚಿ ಗೊತ್ತು.

ಸಭಾಪಾಲಕರ ಮಗ ಮಂಗಳೂರಿನಲ್ಲಿ ಓದಿದ್ದು ಜೆಸ್ವಿಟ್ ಪಾದ್ರಿಗಳ ಸಂತ ಅಲೋಶಿಯಸ್ ಕಾಲೇಜಿನಲ್ಲಿ. ಬೈಬಲ್ಲನ್ನು ಬಿಟ್ಟರೆ ಬೇರೆ ಏನೂ ಬೇಡ ಎನ್ನುವ ಮನೆಯಿಂದ ಬಂದ ಹುಡುಗ, ಇಟಲಿಯ ಮೊಸ್ಕೇನಿ ಗೋಡೆ ಛಾವಣಿಗಳ ತುಂಬ ಸಂತರ ಚಿತ್ರ ಬರೆದ ಆ ಚಾಪೆಲ್ಲಿನ ನೆರಳಲ್ಲಿ ಪದವಿ ಮುಗಿಸಿದ. ಕ್ರೈಸ್ತರೊಳಗೇ ಎಷ್ಟು ನೆರೆಹೊರೆ ಇದೆ ಎಂಬುದರ ಮೊದಲ ಪಾಠ ಅಲ್ಲಿಯೇ ಆಗಿರಬೇಕು. ಆಗ ಎರಡನೆಯ ಮಹಾಯುದ್ಧದ ಕಾಲ. ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟಿತ್ತು. ಹೊರಗಿನವರ ಕೈ ಹಿಡಿದು ನಡೆದ ಸಭೆಗೆ ಒಮ್ಮೆಗೇ ತನ್ನ ಕಾಲ ಮೇಲೆ ನಿಲ್ಲಬೇಕಾಗಿ ಬಂತು.

ಅಲ್ಲಿಂದ ಬೆಂಗಳೂರಿನ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜು. 1910ರಲ್ಲಿ ಶುರುವಾದ, ಮಿಲ್ಲರ್ಸ್ ರಸ್ತೆಯ ಈ ಕಾಲೇಜಿನಲ್ಲಿ ಸಮರ್ಥರಿಗೆ ಸಿಕ್ಕ ಗುರು ಪಾಲ್ ಡೇವಿಡ್ ದೇವನಂದನ್. ತತ್ತ್ವಶಾಸ್ತ್ರ ಮತ್ತು ಧರ್ಮಗಳ ಚರಿತ್ರೆಯನ್ನು ಪಾಠ ಮಾಡುತ್ತಿದ್ದ ದೇವನಂದನ್ ಹಿಂದೂ ಚಿಂತನೆಯನ್ನು ಖಂಡಿಸುವುದಕ್ಕಾಗಿ ಓದಿದವರಲ್ಲ, ಅರಿಯುವುದಕ್ಕಾಗಿ ಓದಿದವರು. ಮಿಶನರಿಗಳ ಹಳೆಯ ಕ್ರಮದಲ್ಲಿ ಮೊದಲನೆಯದೇ ಹೆಚ್ಚಾಗಿತ್ತು. ಗುರುವಿನ ಈ ರೀತಿ ಶಿಷ್ಯನಿಗೆ ಅಂಟಿಕೊಂಡಿತು. ಮುಂದೆ 1960ರಲ್ಲಿ ಅದೇ ಕಾಲೇಜಿಗೆ, ಅದೇ ವಿಷಯದ ಪ್ರಾಧ್ಯಾಪಕರಾಗಿ ಸಮರ್ಥರು ಬಂದರು. 1962ರಲ್ಲಿ ದೇವನಂದನ್ ತೀರಿಕೊಂಡಾಗ ಗುರುವಿನ ಪ್ರಸಂಗಗಳನ್ನೂ ಬೈಬಲ್ ಪಾಠಗಳನ್ನೂ ಒಟ್ಟುಮಾಡಿ ಪುಸ್ತಕ ಮಾಡಿದವರಲ್ಲಿ ಇವರೂ ಒಬ್ಬರು. ತತ್ತ್ವಶಾಸ್ತ್ರದ ಗುರುವಿನ ನೆನಪಿಗೆ ಬೈಬಲ್ ಪಾಠಗಳನ್ನೇ ಆರಿಸಿಕೊಂಡರಲ್ಲ, ಅದನ್ನು ಗಮನಿಸಬೇಕು.

ಅದಕ್ಕೆ ಮೊದಲು, ಬಲ್ಮಠದ ಸೆಮಿನರಿಗೆ ಸಮರ್ಥರು ಮಾಷ್ಟ್ರಾಗಿ ಬಂದದ್ದು 1947ರಲ್ಲಿ. ದೇಶ ಸ್ವತಂತ್ರವಾದ ವರ್ಷ. ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದ ವರ್ಷವೂ ಅದೇ. ಇಪ್ಪತ್ತೇಳು ತುಂಬದ ಹುಡುಗ ಮಾಷ್ಟ್ರ ಎದುರು ಕೂತಿದ್ದವರು ಹಳ್ಳಿಯ ಸಭೆಗಳಿಗೆ ಅಯ್ಯನವರಾಗಿ ಹೋಗಬೇಕಾದವರು. ಅವರಿಗೆ ಏನು ಕಲಿಸಬೇಕು?

ದೈವಶಾಸ್ತ್ರದ ಕಾಲೇಜು ಎಂದರೆ ಹೊರಗಿನವರಿಗೆ ಪ್ರಾರ್ಥನೆ ಕಲಿಸುವ ಜಾಗ ಎಂಬ ಕಲ್ಪನೆ ಇರುತ್ತದೆ. ಪ್ರಾರ್ಥನೆ ಇದೆ, ಬೆಳಿಗ್ಗೆ ಚಾಪೆಲ್ಲಿನಿಂದಲೇ ದಿನ ತೊಡಗುತ್ತದೆ. ಆದರೆ ಹೊತ್ತೆಲ್ಲ ಹೋಗುವುದು ಪಠ್ಯದ ಜತೆ ಗುದ್ದಾಡುವುದರಲ್ಲಿ. ಹಳೆಯ ಒಡಂಬಡಿಕೆಗೆ ಹೀಬ್ರೂ, ಹೊಸದಕ್ಕೆ ಗ್ರೀಕ್. ಈ ಪತ್ರ ಬರೆದವರು ಯಾರು, ಯಾವ ಊರಿನ ಜಗಳಕ್ಕೆ ಉತ್ತರವಾಗಿ ಬರೆದದ್ದು, ಈ ಪದಕ್ಕೆ ಆ ಕಾಲದಲ್ಲಿ ಏನರ್ಥ, ಹಸ್ತಪ್ರತಿಗಳಲ್ಲಿ ಪಾಠಾಂತರ ಎಲ್ಲಿ? ಪಂಪನನ್ನು ಸಂಪಾದಿಸುವವರು ಕೇಳುವ ಪ್ರಶ್ನೆಗಳೇ ಇವು. ನಾಲ್ಕು ಸಾಲಿಗೆ ಒಂದು ವಾರ ಹೋಗುವುದುಂಟು. ವಾರದ ಕೊನೆಗೆ ಇದನ್ನೆಲ್ಲ ಮಡಿಚಿಟ್ಟು, ಮೀನು ಮಾರುವವರೂ ಬೀಡಿ ಕಟ್ಟುವವರೂ ಕೂತ ಸಭೆಯಲ್ಲಿ ಹದಿನೈದು ನಿಮಿಷದ ಪ್ರಸಂಗ ಮಾಡಬೇಕು. ಪಾಂಡಿತ್ಯ ಬೇಕು, ತೋರಿಸಬಾರದು. ಈ ಕೆಲಸದ ಕಷ್ಟ ಇಷ್ಟೇ, ಇದು ಸಣ್ಣದೂ ಅಲ್ಲ.

ಕನ್ನಡದಲ್ಲಿ ಈ ಪಾಠ ಮಾಡುವವರಿಗೆ ಇನ್ನೊಂದು ತೊಡಕು ಇದೆ, ಅದೇ ಅದರ ಸೊಗಸೂ ಹೌದು. ಪುಸ್ತಕದ ಹೊದಿಕೆಯಿಂದಲೇ ಅದು ಶುರುವಾಗುತ್ತದೆ. ‘ಸತ್ಯವೇದವು’ ಎಂದು ಅಲ್ಲಿ ಅಚ್ಚಾಗಿದೆ. ವೇದ ಎಂಬ ಪದ ಯಾರ ಮನೆಯದು? ಬಳ್ಳಾರಿಯಲ್ಲಿ ಕೂತು ಬೈಬಲ್ಲನ್ನು ಕನ್ನಡಕ್ಕೆ ತಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಪಂಡಿತರು, ಅವರ ನಂತರ ಅದನ್ನು ತಿದ್ದಿದ ಬಾಸೆಲಿನವರು, ಯಾರಿಗೂ ಹೊಸ ಪದ ಟಂಕಿಸಿ ಬದುಕುವ ದಾರಿ ಇರಲಿಲ್ಲ. ಪಾಪ, ಕೃಪೆ, ಭಕ್ತಿ, ಆತ್ಮ, ಪ್ರಸಂಗ, ಕೀರ್ತನೆ ಎಲ್ಲವೂ ಪಕ್ಕದ ಮನೆಯಿಂದ ಕಡ ತಂದ ಪಾತ್ರೆಗಳು. ಯೋಹಾನನ ಸುವಾರ್ತೆಯ ಮೊದಲಲ್ಲಿ ಬರುವ ಗ್ರೀಕಿನ ‘ಲೋಗೋಸ್’ ಕನ್ನಡದಲ್ಲಿ ‘ವಾಕ್ಯ’ವಾಯಿತು. ಆ ಪದ ಹಿಡಿದು ಪಾಠ ಮಾಡುವ ಮಾಷ್ಟ್ರು ಗ್ರೀಸಿನ ಕಡೆ ತಿರುಗಿದರೂ, ಕೇಳುವ ಹುಡುಗನ ಕಿವಿಯಲ್ಲಿ ಶಬ್ದಬ್ರಹ್ಮವೋ ಶ್ರುತಿಯೋ ಸುಳಿಯದೆ ಇರುವುದಿಲ್ಲ. ಧರ್ಮಗಳ ನಡುವಿನ ಸಂವಾದವೆಂದು ಸಮ್ಮೇಳನ ನಡೆಸುವ ಮೊದಲೇ ಭಾಷೆ ಆ ಕೆಲಸ ಮುಗಿಸಿಬಿಟ್ಟಿದೆ ಎನ್ನಬೇಕು. ಸಮರ್ಥರು ಹೇಳಿದ್ದು ಹೀಗೆಯೇ ಅಲ್ಲ, ಇದು ನನ್ನ ವಿಸ್ತರಣೆ. ಆದರೆ ಅವರ ಬರವಣಿಗೆಯನ್ನು ಕನ್ನಡದ ಕಣ್ಣಿನಿಂದ ಓದಿದರೆ ಅದು ಇಲ್ಲಿಗೇ ಬಂದು ನಿಲ್ಲುತ್ತದೆ.

ಎರಡು ವರ್ಷ ಕಲಿಸಿದ ಮೇಲೆ ಅಮೆರಿಕಕ್ಕೆ ಹೋದರು. ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ ಆಗ ಪಾಲ್ ಟಿಲಿಕ್, ರೈನ್‌ಹೋಲ್ಡ್ ನೀಬುರ್ ಪಾಠ ಮಾಡುತ್ತಿದ್ದ ಕಾಲ. ಹಾರ್ಟ್‌ಫರ್ಡಿನಲ್ಲಿ 1951ರಲ್ಲಿ ಡಾಕ್ಟರೇಟ್. ವಿಷಯ: ಆಧುನಿಕ ಹಿಂದೂ ಚಿಂತಕರು ಇತಿಹಾಸವನ್ನು ನೋಡಿದ ಬಗೆ. ಮರಳಿ ಬಂದವರಿಗೆ 1952ರಲ್ಲಿ ಬಲ್ಮಠದ ಸೆಮಿನರಿಯ ಪ್ರಾಂಶುಪಾಲರ ಕುರ್ಚಿ ಕಾದಿತ್ತು. 1960ರವರೆಗೆ ಅಲ್ಲಿದ್ದರು. (1965ರಲ್ಲಿ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಯೂ ಇದರೊಂದಿಗೆ ಕೂಡಿ ಈಗಿನ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ಆಯಿತು. ಅದರ ಸಂಗ್ರಹದಲ್ಲಿರುವ ಹಳೆಯ ಕನ್ನಡ ಮುದ್ರಣಗಳನ್ನೂ ತಾಳೆಗರಿಗಳನ್ನೂ ನೋಡಲೆಂದೇ ದೈವಶಾಸ್ತ್ರದ ಗಂಧವಿಲ್ಲದ ಸಂಶೋಧಕರು ಬಲ್ಮಠದ ಏರು ಹತ್ತುತ್ತಾರೆ.) ಬೆಂಗಳೂರಾದ ಮೇಲೆ ಬಂಗಾಳದ ಸೆರಾಂಪುರ: ಮಿಶನರಿಗಳಾದ ಕೇರಿ, ಮಾರ್ಶ್‌ಮನ್, ವಾರ್ಡ್ 1818ರಲ್ಲಿ ಕಟ್ಟಿದ ಕಾಲೇಜಿಗೆ 1966ರಲ್ಲಿ ಪ್ರಾಂಶುಪಾಲರಾದರು. ಆ ಕಾಲೇಜು ಕಟ್ಟುವುದಕ್ಕೂ ಮುಂಚೆ, 1812ರಲ್ಲಿ ಅಲ್ಲಿಯ ಅಚ್ಚುಕೂಟಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕೇರಿಯ ಕನ್ನಡ ಹೊಸ ಒಡಂಬಡಿಕೆಯೂ ಇತ್ತು. ಅದನ್ನು ಮತ್ತೆ ಮೊದಲಿನಿಂದ ಮಾಡಿದರು. ಕರಾವಳಿಯ ಕನ್ನಡ ಮಾಷ್ಟ್ರು ಆ ಅಂಗಳದಲ್ಲಿ ನಡೆದಾಡುವಾಗ ಅದು ನೆನಪಾಗಿರಲಾರದೇ?

ಈ ಅಲೆದಾಟದ ಉದ್ದಕ್ಕೂ ಜತೆಗಿದ್ದವರು ಪತ್ನಿ ಐರಿಸ್. ಸಭಾಪಾಲಕರ, ದೈವಶಾಸ್ತ್ರದ ಮಾಷ್ಟ್ರುಗಳ ಮನೆ ಎಂಥದು ಎಂದು ಕಂಡವರಿಗೆ ಗೊತ್ತು. ಮನೆ ಕಾಲೇಜಿನ ಆವರಣದೊಳಗೇ ಇರುತ್ತದೆ, ಬಾಗಿಲು ಹಾಕಿದರೂ ಹಾಕಿದಂತಲ್ಲ. ಊಟದ ಹೊತ್ತಿಗೆ ಬಂದ ವಿದ್ಯಾರ್ಥಿಗೆ ಒಂದು ತಟ್ಟೆ ಹೆಚ್ಚು ಇಡಬೇಕು. ವರ್ಗ ಬಂತೆಂದರೆ ಮಕ್ಕಳ ಶಾಲೆ, ಅಡಿಗೆಮನೆಯ ಡಬ್ಬಿ, ಗೋಡೆಯ ಕ್ಯಾಲೆಂಡರು ಎಲ್ಲ ಕಟ್ಟಿಕೊಂಡು ಹೊರಡಬೇಕು. ಮಂಗಳೂರು, ಬೆಂಗಳೂರು, ಸೆರಾಂಪುರ, 1968ರಿಂದ ಜಿನೀವಾ. ಪುಸ್ತಕಗಳ ಮುನ್ನುಡಿಯಲ್ಲಿ ಒಂದು ಸಾಲಿನ ಕೃತಜ್ಞತೆಯಾಗಿ ಮುಗಿದುಹೋಗುವ ಈ ಭಾಗಕ್ಕೆ ಅರ್ಧ ಆಯುಷ್ಯ ಸಂದಿರುತ್ತದೆ.

ಜಿನೀವಾದ ವಿಶ್ವ ಸಭೆಗಳ ಮಂಡಲಿಯಲ್ಲಿ ಸಮರ್ಥರ ಕಾಲ ಬಿಸಿಯ ಕಾಲ. 1970ರಲ್ಲಿ ಲೆಬನಾನಿನ ಅಜಲ್ತೂನ್ ಎಂಬಲ್ಲಿ ಹಿಂದೂ, ಬೌದ್ಧ, ಮುಸ್ಲಿಂ, ಕ್ರೈಸ್ತರನ್ನು ಒಂದೇ ಮೇಜಿಗೆ ಕೂರಿಸಿದ ಸಭೆಯ ಹಿಂದೆ ಇದ್ದವರು ಇವರು. ಮರುವರ್ಷ ಮಂಡಲಿ ಸಂವಾದಕ್ಕೆಂದೇ ಒಂದು ವಿಭಾಗ ತೆರೆದು ಇವರನ್ನು ಅದರ ಮೊದಲ ನಿರ್ದೇಶಕರನ್ನಾಗಿಸಿತು. 1975ರ ನೈರೋಬಿ ಮಹಾಸಭೆಯಲ್ಲಿ ಗಲಾಟೆಯೇ ಆಯಿತು. ಇತರ ಧರ್ಮಗಳ ಅತಿಥಿಗಳನ್ನು ಕರೆಸಿದ್ದಕ್ಕೆ ಆಕ್ಷೇಪ, ಕಲಬೆರಕೆ ಧರ್ಮ ಮಾಡುತ್ತಿದ್ದಾರೆಂಬ ಅಪವಾದ, ಸುವಾರ್ತೆಯ ಬಾಗಿಲು ಹಾಕಿದರೆಂಬ ಕೂಗು. ವರದಿಯನ್ನು ತಿದ್ದಿ, ಎದುರಿಗೊಂದು ಪೀಠಿಕೆ ಅಂಟಿಸಿ ಕೊನೆಗೆ ಒಪ್ಪಿದರು. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ 1977ರಲ್ಲಿ ಕೂತು ಹೊಸೆದ ಮಾತುಗಳು 1979ರಲ್ಲಿ ಸಂವಾದದ ಮಾರ್ಗಸೂಚಿಯಾಗಿ ಹೊರಬಂದವು. ಇವರ ಒಂದು ಪುಸ್ತಕದ ಹೆಸರಿನಲ್ಲೇ ಸಂವಾದಕ್ಕೆ ‘ಧೈರ್ಯ’ ಬೇಕೆಂಬ ಸೂಚನೆಯಿದೆ. ಆ ಪದ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಇವರ ನಂಬಿಕೆ ಸಡಿಲವಾಗಿತ್ತೆ? ಟೀಕಿಸಿದವರು ಹಾಗೆಂದರು. ಓದಿ ನೋಡಿದರೆ ಹಾಗೆ ಕಾಣುವುದಿಲ್ಲ. ಕ್ರಿಸ್ತ ತಮಗೆ ಯಾರು ಎಂಬುದರಲ್ಲಿ ಅವರಿಗೆ ಗೊಂದಲವಿರಲಿಲ್ಲ. ಅವರು ಒಪ್ಪದೆ ಇದ್ದದ್ದು ಆ ಕ್ರಿಸ್ತನ ಮೇಲೆ ಚರ್ಚು ಮೊಹರು ಒತ್ತಿ ಬೀಗದೊಳಗೆ ಇಡುವುದನ್ನು. 1974ರ ಪುಸ್ತಕದಲ್ಲಿ ಅವರು ‘ಕಟ್ಟಿಹಾಕದ ಕ್ರಿಸ್ತ’ನಿಗೆ ಹಿಂದೂಗಳು ಕೊಟ್ಟ ಉತ್ತರವನ್ನು ಹುಡುಕಿದರು. ರಾಮಮೋಹನ ರಾಯರು, ರಾಮಕೃಷ್ಣರು, ಗಾಂಧಿ, ರಾಧಾಕೃಷ್ಣನ್ ಎಲ್ಲರೂ ಚರ್ಚಿನ ಹೊಸ್ತಿಲು ದಾಟದೆ ಕ್ರಿಸ್ತನ ಜತೆ ಮಾತಿಗೆ ಕೂತವರು. ಆ ಮಾತುಕತೆಯನ್ನು ಚರ್ಚು ಕೇಳಿಸಿಕೊಳ್ಳಲಿ ಎಂಬುದು ಅವರ ಆಸೆ.

ನನಗೆ ಹೆಚ್ಚು ಇಷ್ಟವಾದದ್ದು ಧರ್ಮಗ್ರಂಥ ಓದುವ ಕ್ರಮದ ಬಗ್ಗೆ 1987ರಲ್ಲಿ ಅವರು ಬರೆದ ಚಿಕ್ಕ ಪುಸ್ತಕ. ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಹುಟ್ಟಿದ ವ್ಯಾಖ್ಯಾನದ ನಿಯಮಗಳನ್ನೇ ಏಷ್ಯಾದ ಮಾಷ್ಟ್ರುಗಳು ಉರುಹೊಡೆದು ಒಪ್ಪಿಸುತ್ತಾರಲ್ಲ ಎಂಬುದು ಅವರ ಬೇಸರ. ಹಾಗೆಂದು ಆ ವಿದ್ವತ್ತನ್ನು ಅವರು ಎಸೆಯಲಿಲ್ಲ. ಆದರೆ ಹತ್ತಾರು ಧರ್ಮಗ್ರಂಥಗಳು ಒಟ್ಟಿಗೆ ಬದುಕುವ ನೆಲದಲ್ಲಿ ಒಂದು ಗ್ರಂಥದ ಅಳತೆಗೋಲು ಹಿಡಿದು ಇನ್ನೊಂದನ್ನು ಅಳೆಯುವುದು ನ್ಯಾಯವಲ್ಲ ಎಂದರು. ಈ ನೆಲದವರಿಗೆ ಗ್ರಂಥ ವ್ಯಾಖ್ಯಾನ ಹೊಸತೂ ಅಲ್ಲ. ಕಾರ್ಕಳದಿಂದ ಉಡುಪಿಯ ಕಡೆ ಹೊರಟರೆ ದಾರಿ ಸವೆಯುವ ಮುನ್ನ ಮಧ್ವರು ಹುಟ್ಟಿದ ಪಾಜಕ ಸಿಗುತ್ತದೆ. ಅದೇ ಬ್ರಹ್ಮಸೂತ್ರ, ಮೂವರು ಆಚಾರ್ಯರು, ಮೂರು ಭಾಷ್ಯ, ಶತಮಾನಗಳ ವಾದ. ಅಂಥ ನೆರೆಯವರ ಪಕ್ಕದಲ್ಲಿ ಕೂತು ಬೈಬಲ್ ಕಲಿಸುವ ಮಾಷ್ಟ್ರಿಗೆ ವ್ಯಾಖ್ಯಾನ ಎಂದರೆ ಜರ್ಮನಿಯ ಟೂಬಿಂಗನ್ ಮಾತ್ರ ನೆನಪಾಗುವುದಾದರೆ ಅದು ವಿಚಿತ್ರವೇ. ಇನ್ನೊಂದು ಮಾತನ್ನೂ ಅವರು ಎತ್ತಿದರು: ನಮ್ಮಲ್ಲಿ ಗ್ರಂಥವೆಂದರೆ ಮೊದಲು ಕಿವಿಗೆ ಬಿದ್ದದ್ದು, ಆಮೇಲೆ ಕಣ್ಣಿಗೆ. ಅಚ್ಚಿನ ಪುಟವನ್ನೇ ಸರ್ವಸ್ವ ಮಾಡಿದ ಪ್ರೊಟೆಸ್ಟೆಂಟರು ಕೇಳುವುದನ್ನು ಮರೆತರೇನೋ ಎಂಬ ಅನುಮಾನ ಆ ಮಾತಿನೊಳಗಿದೆ.

ಇಲ್ಲಿಯೇ ಅವರ ಮೇಲೊಂದು ತಕರಾರನ್ನೂ ಹೇಳಬೇಕು. ಕೇಳುವ ಗ್ರಂಥದ ಬಗ್ಗೆ ಇಷ್ಟು ಚೆನ್ನಾಗಿ ಬರೆದವರು ಸಂವಾದಕ್ಕೆ ಕೂರಿಸಿಕೊಂಡದ್ದು ಹೆಚ್ಚಾಗಿ ಬರೆದಿಟ್ಟ ಗ್ರಂಥದವರನ್ನು, ವೇದಾಂತದವರನ್ನು, ಇಂಗ್ಲಿಷ್ ಬಲ್ಲವರನ್ನು. 1981ರಲ್ಲಿ ಬೆಂಗಳೂರಿನ ಅದೇ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ಮೊಳೆತ ದಲಿತ ದೈವಶಾಸ್ತ್ರ ಕೇಳಿದ್ದು ಇದನ್ನೇ: ಭಾರತದ ಕ್ರೈಸ್ತರಲ್ಲಿ ಹೆಚ್ಚಿನವರು ದಲಿತರಾಗಿರುವಾಗ, ನೀವು ಶಂಕರರ ಜತೆ ಮಾತಾಡುತ್ತ ಕೂತರೆ ನಮ್ಮ ನೋವು ಯಾರ ಲೆಕ್ಕಕ್ಕೆ? ತುಳುನಾಡಿನ ಮಟ್ಟಿಗೆ ಪ್ರಶ್ನೆ ಇನ್ನೂ ಹತ್ತಿರದ್ದು. ಬಾಸೆಲ್ ಸಭೆಗಳ ಹಿರಿಯರು ಬಿಟ್ಟುಬಂದದ್ದು ಉಪನಿಷತ್ತನ್ನಲ್ಲ. ಬಿಟ್ಟುಬಂದದ್ದು ದೈವಗಳ ಗರಡಿಯನ್ನು, ಕೋಲವನ್ನು, ರಾತ್ರಿಯಿಡೀ ಹಾಡುವ ಪಾಡ್ದನವನ್ನು. ಆ ಪಾಡ್ದನಗಳನ್ನು 1886ರಲ್ಲಿ ಅಚ್ಚು ಹಾಕಿಸಿದವರೂ ಇದೇ ಮಿಶನ್ನಿನ ಮೆನ್ನರ್. ನೆರೆಮನೆಯ ವೇದ ಅಲ್ಲಿಯೇ ಇತ್ತು, ಬಾಯಿಂದ ಬಾಯಿಗೆ. ಎತ್ತಿನಗಾಡಿ ಆ ಕೇರಿಯೊಳಗೂ ಇನ್ನಷ್ಟು ಹೋಗಬೇಕಿತ್ತು ಎನಿಸುತ್ತದೆ. ಆದರೆ ಹಾಗೆ ಅನ್ನಿಸುವಂತೆ ಮಾಡಿದ ಉಪಮೆ ಕೊಟ್ಟವರೂ ಅವರೇ.

ಜಿನೀವಾದ ಕೆಲಸ 1980ರಲ್ಲಿ ಮುಗಿಯಿತು. ಬೆಂಗಳೂರಿಗೆ ಮರಳಿ ಬಂದು ಮತ್ತೆ ಪಾಠ, ಬರವಣಿಗೆ. ಎರಡು ಸಂಸ್ಕೃತಿಗಳ ನಡುವಿನ ತಮ್ಮ ಬದುಕನ್ನು 1996ರಲ್ಲಿ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು. 2001ರ ಜುಲೈಯಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಕೇಳುವ ಗ್ರಂಥದ ಬಗ್ಗೆ ಸಮರ್ಥರು ಬರೆದದ್ದನ್ನು ಓದಿದಾಗಲೆಲ್ಲ ನನಗೆ ಒಂದು ಭಾನುವಾರ ನೆನಪಾಗುತ್ತದೆ. ಗೆಳೆಯನೊಬ್ಬನ ಮನೆಯ ಕಾರ್ಯಕ್ಕೆ ಹೋದವನು ಅವರ ಸಭೆಯ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಪ್ರಸಂಗಕ್ಕೆ ಬಂದವನು ದೈವಶಾಸ್ತ್ರದ ವಿದ್ಯಾರ್ಥಿ, ಬಿಳಿ ಅಂಗಿಯ ತೋಳು ಇಳಿಬಿಟ್ಟ ಎಳೆಯ ಹುಡುಗ. ಒಂದು ಕೀರ್ತನೆಯನ್ನು ಪುಸ್ತಕ ನೋಡದೆ ಹೇಳಲು ಹೊರಟ, ಅರ್ಧದಲ್ಲಿ ಒಂದು ಸಾಲು ಹಾರಿಸಿದ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ, ಬಿಟ್ಟುಹೋದ ಸಾಲನ್ನು ಮೆಲ್ಲಗೆ ಎತ್ತಿಕೊಟ್ಟರು. ಹುಡುಗ ನಾಚಿ ನಕ್ಕು, ಅಲ್ಲಿಂದ ಹಿಡಿದು ಮುಂದುವರಿಸಿದ. ಆರಾಧನೆ ಮುಗಿದ ಮೇಲೆ ಗೆಳೆಯ ಹೇಳಿದ, ಆ ಅಜ್ಜಿಗೆ ಓದು ಬರಹ ಬಾರದು. ಅಂಗಳದಲ್ಲಿ ಚಹಾ ಕುಡಿಯುವಾಗ ನೋಡಿದರೆ ಹುಡುಗ ಅವರ ಪಕ್ಕದ ಕುರ್ಚಿ ಎಳೆದುಕೊಂಡು ಕೂತಿದ್ದ, ಅಜ್ಜಿ ತುಳುವಿನಲ್ಲಿ ಏನನ್ನೋ ಹೇಳಿಕೊಡುತ್ತಿದ್ದರು.